1 ಕೆಜಿ 60 ಗ್ರಾಂ: ಗಾಂಜಾ ಕೇಸಿನಲ್ಲಿ ಶಿಕ್ಷೆ ಹೇಗೆ ನಿರ್ಧಾರವಾಗುತ್ತದೆ?

ಪ್ರಶ್ನೆ: ನಾವು ಆಲೂರು ತಾಲ್ಲೂಕಿನವರು. ಮೂರು ಎಕರೆ ಕಾಫಿ ತೋಟ ಇದೆ. ಮಗನಿಗೆ 21 ವರ್ಷ, ಹಾಸನದಲ್ಲಿ ಕೊನೇ ವರ್ಷ ಓದುತ್ತಿದ್ದಾನೆ. ಇಬ್ಬರು ಗೆಳೆಯರ ಜೊತೆ ಸಕಲೇಶಪುರದ ಕಡೆ ಹೋಂಸ್ಟೇಗೆ ಹೋಗುವಾಗ ಪೊಲೀಸರು ಕಾರು ತಡೆದು ನೋಡಿದ್ದಾರೆ. ಹಿಂದಿನ ಸೀಟಿನಲ್ಲಿದ್ದ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿದೆ. ಕವರ್ ಸಮೇತ 1 ಕೆಜಿ 60 ಗ್ರಾಂ ಅಂತ ಬರೆದಿದ್ದಾರೆ. ಮಗನ ಜೇಬಿನಲ್ಲಿ ಬೇರೆ 12 ಗ್ರಾಂ ಇತ್ತಂತೆ. ಬ್ಯಾಗು ತನ್ನದಲ್ಲ ಅನ್ನುತ್ತಾನೆ. 18 ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದಿದ್ದಾನೆ. ಚಾರ್ಜ್‌ಶೀಟ್ ಇನ್ನೂ ಹಾಕಿಲ್ಲ. ಮೂವರಿಗೂ ಒಬ್ಬರೇ ವಕೀಲರು. ಊರಿನಲ್ಲಿ ಒಬ್ಬರು ಹತ್ತು ವರ್ಷ ಜೈಲು ಅನ್ನುತ್ತಾರೆ. ಇನ್ನೊಬ್ಬರು ತಪ್ಪು ಒಪ್ಕೊಂಡು ಹತ್ತು ಸಾವಿರ ಕಟ್ಟಿದರೆ ಮುಗೀತು ಅನ್ನುತ್ತಾರೆ. ಯಾವುದು ನಿಜ? ಜಡ್ಜ್ ಏನೇನು ನೋಡಿ ಶಿಕ್ಷೆ ಕೊಡುತ್ತಾರೆ?

ಉತ್ತರ: ಅಮ್ಮಾ, ಇಬ್ಬರು ಹೇಳಿದ್ದೂ ಸುಳ್ಳಲ್ಲ. ಹತ್ತು ವರ್ಷವೂ ಕಾನೂನಿನಲ್ಲಿದೆ, ಹತ್ತು ಸಾವಿರವೂ ಇದೆ. ನಿಮ್ಮ ಮಗನ ಕೇಸಿನಲ್ಲಿ ಆ ಎರಡರ ನಡುವೆ ಇರುವುದು 60 ಗ್ರಾಂ. ಅದಕ್ಕೇ ಮೊದಲು ತೂಕದ ವಿಷಯ ಹೇಳುತ್ತೇನೆ. ಜಡ್ಜ್ ಮನಸ್ಸಿನಲ್ಲಿ ಏನಿರುತ್ತದೆ ಅನ್ನುವುದು ಆಮೇಲಿನ ಮಾತು.

ಇಂಥ ಕೇಸುಗಳೆಲ್ಲ 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾನೂನು) ಕೆಳಗೆ ಬರುತ್ತವೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದರೂ ಈ ಕಾಯ್ದೆ ಹಾಗೇ ಉಳಿದಿದೆ. 2001ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಆಗಿನಿಂದ ಶಿಕ್ಷೆ ಸಿಕ್ಕ ಮಾಲಿನ ತೂಕದ ಮೇಲೆ ನಿಂತಿದೆ. ಸ್ವಂತಕ್ಕೆ ಇಟ್ಟುಕೊಂಡಿದ್ದಾ, ಮಾರೋಕೆ ಇಟ್ಟುಕೊಂಡಿದ್ದಾ ಅನ್ನುವುದು ಈಗ ಎರಡನೇ ಪ್ರಶ್ನೆ. ಕಾಯ್ದೆಯ 20ನೇ ಕಲಮಿನಲ್ಲಿ ಗಾಂಜಾ ಇಟ್ಟುಕೊಳ್ಳುವುದು, ಕೊಳ್ಳುವುದು, ಮಾರುವುದು, ಸಾಗಿಸುವುದು ಎಲ್ಲ ಒಂದೇ ಸಾಲಿನಲ್ಲಿವೆ. ಶಿಕ್ಷೆಯ ಅಳತೆಯೂ ಒಂದೇ. ಬಹಳ ತಂದೆ ತಾಯಂದಿರಿಗೆ ಇದು ಗೊತ್ತಿಲ್ಲ. ‘ನಮ್ಮ ಹುಡುಗ ಮಾರೋನಲ್ಲ, ಸೇದೋಕೆ ಇಟ್ಕೊಂಡಿದ್ದ ಅಷ್ಟೇ’ ಅನ್ನುತ್ತಾರೆ. ನಿಜವೇ ಇರಬಹುದು. ಆದರೆ ಆ ಮಾತಿನಿಂದ ತೂಕದ ಮೆಟ್ಟಿಲು ಕೆಳಗಿಳಿಯುವುದಿಲ್ಲ.

ಗಾಂಜಾಕ್ಕೆ ಮೂರು ಮೆಟ್ಟಿಲಿವೆ. 1 ಕೆಜಿಗಿಂತ ಕಡಿಮೆ ಇದ್ದರೆ ಅದು ಅಲ್ಪ ಪ್ರಮಾಣ. ಕೋರ್ಟಿನಲ್ಲಿ ಎಲ್ಲರೂ ‘ಸ್ಮಾಲ್ ಕ್ವಾಂಟಿಟಿ’ ಅಂತಲೇ ಅನ್ನುತ್ತಾರೆ. ಇದಕ್ಕೆ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ಕ್ಕೆ ಮೊದಲು ಇದು 6 ತಿಂಗಳಿತ್ತು. ಈಗಲೂ ಕೆಲವರು ಆ ಹಳೇ ಲೆಕ್ಕವನ್ನೇ ಹೇಳುತ್ತಾರೆ, ನಂಬಬೇಡಿ. 20 ಕೆಜಿಗಿಂತ ಜಾಸ್ತಿ ಇದ್ದರೆ ಕಮರ್ಷಿಯಲ್, ಅಂದರೆ ವ್ಯಾಪಾರದ ಪ್ರಮಾಣ. ಅಲ್ಲಿ 10ರಿಂದ 20 ವರ್ಷ ಸಜೆ, ಕನಿಷ್ಠ 1 ಲಕ್ಷ ದಂಡ. ಅಪರಾಧ ಸಾಬೀತಾದರೆ ಹತ್ತು ವರ್ಷದಿಂದ ಒಂದು ದಿನ ಕೆಳಗಿಳಿಸುವ ಅಧಿಕಾರವೂ ಜಡ್ಜ್‌ಗೆ ಇಲ್ಲ. ಇವೆರಡರ ನಡುವೆ ಇರುವುದು ಮಧ್ಯದ ಮೆಟ್ಟಿಲು. ಅಲ್ಲಿ 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ 1 ಲಕ್ಷದವರೆಗೆ ದಂಡ.

ಕಾನೂನಿನ ಮಾತನ್ನು ಸರಿಯಾಗಿ ಗಮನಿಸಿ. ಅಲ್ಪ ಅಂದರೆ 1 ಕೆಜಿಗಿಂತ ‘ಕಡಿಮೆ’. ಸರಿಯಾಗಿ 1 ಕೆಜಿ ಇದ್ದರೂ ಅದು ಅಲ್ಪ ಅಲ್ಲ. ನಿಮ್ಮ ಕೇಸಿನಲ್ಲಿ ಬರೆದಿರುವ 1,060 ಗ್ರಾಂ ಹಾಗೇ ನಿಂತರೆ, ಅದು ಮಧ್ಯದ ಮೆಟ್ಟಿಲು. ಕೇಸು ಮ್ಯಾಜಿಸ್ಟ್ರೇಟ್ ಮುಂದೆ ನಡೆಯುವುದಿಲ್ಲ, ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಹತ್ತು ಸಾವಿರ ಕಟ್ಟಿ ಮುಗಿಸುವ ಮಾತು ಅಲ್ಲಿ ಇಲ್ಲವೇ ಇಲ್ಲ.

ಆದರೆ ‘ಕವರ್ ಸಮೇತ’ ಅಂತ ನೀವೇ ಬರೆದಿದ್ದೀರಿ. ನೀವು ಕಾಫಿ ಮಾರುವವರು, ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತೂಕ ಹಾಕಿದ ಮೇಲೆ ಚೀಲದ ತೂಕ ಕಳೆಯುತ್ತಾರೆ ಅಲ್ವಾ? ಇಲ್ಲೂ ಕಳೆಯಬೇಕು. ಕಾನೂನು ಕೇಳುವುದು ಗಾಂಜಾದ ತೂಕವನ್ನು. ಬ್ಯಾಗು, ಪ್ಲಾಸ್ಟಿಕ್ ಕವರ್, ಸುತ್ತಿದ ಪೇಪರ್, ಟೇಪು ಇವುಗಳ ತೂಕ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಮೊದಲು ಮಹಜರಿನ (ಸಾಕ್ಷಿಗಳ ಮುಂದೆ ಪೊಲೀಸರು ಬರೆದ ವಶಪಡಿಕೆಯ ದಾಖಲೆ) ಪ್ರತಿ ತೆಗೆದುಕೊಂಡು ಓದಿ. ಬರೀ ಮಾಲಿನ ತೂಕ ಬೇರೆ ಬರೆದಿದ್ದಾರಾ? ತಕ್ಕಡಿ ಯಾವುದು, ಎಲ್ಲಿಂದ ತಂದರು, ಎಷ್ಟು ಪೊಟ್ಟಣ ಇತ್ತು, ಪ್ರತಿ ಪೊಟ್ಟಣವನ್ನೂ ಬೇರೆ ಬೇರೆ ತೂಗಿದರಾ?

ಎರಡನೇ ತೂಕ ಇನ್ನೊಂದಿರುತ್ತದೆ. 52ಎ ಕಲಮಿನ ಪ್ರಕಾರ ವಶಪಡಿಸಿಕೊಂಡ ಮಾಲಿನ ಪಟ್ಟಿ ಮಾಡಿ ಮ್ಯಾಜಿಸ್ಟ್ರೇಟ್ ಅವರಿಂದ ದೃಢೀಕರಿಸಿಕೊಳ್ಳಬೇಕು, ಅವರ ಎದುರಿಗೇ ಸ್ಯಾಂಪಲ್ ತೆಗೆಯಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಹೊಸ ನಿಯಮಗಳನ್ನೂ ತಂದಿತು. ರಸ್ತೆ ಬದಿಯಲ್ಲಿ ಬರೆದ ತೂಕಕ್ಕೂ ಮ್ಯಾಜಿಸ್ಟ್ರೇಟ್ ಮುಂದೆ ಬಂದ ತೂಕಕ್ಕೂ ವ್ಯತ್ಯಾಸ ಇದ್ದರೆ ಅದು ನಿಮ್ಮ ಮಗನ ಕೇಸಿನ ಬಹಳ ಮುಖ್ಯವಾದ ಕಾಗದ. ಹಸಿ ಹಣ್ಣು ಕಣದಲ್ಲಿ ಒಣಗಿದ ಮೇಲೆ ಎಷ್ಟು ತೂಕ ಕಳೆದುಕೊಳ್ಳುತ್ತದೆ ಅಂತ ನಿಮಗೆ ಗೊತ್ತು. ಸೊಪ್ಪೂ ಹಾಗೆಯೇ.

ಇನ್ನೂ ಒಂದು ಮಾತು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಬ್ಯಾಗಿನಲ್ಲಿ ಇದ್ದದ್ದು ಏನು? ಕಡ್ಡಿ, ಒಣ ಎಲೆ, ಬೀಜ ಎಲ್ಲ ಒಟ್ಟಿಗೆ ತೂಗಿದ್ದಾರಾ? ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ ಬಂದಾಗ ವಕೀಲರು ಇದನ್ನು ನೋಡಲೇಬೇಕು. 5 ಕೆಜಿ ಇದ್ದರೆ ಇಂಥ ವಾದದಿಂದ ಹೆಚ್ಚು ಪ್ರಯೋಜನ ಆಗುತ್ತಿರಲಿಲ್ಲ. ಗೆರೆ ದಾಟಿರುವುದು 60 ಗ್ರಾಂ ಮಾತ್ರ ಇರುವಾಗ ಒಂದೊಂದು ಗ್ರಾಮಿಗೂ ಬೆಲೆ ಇದೆ.

ಇಲ್ಲಿ ಬೇರೆ ತಂದೆ ತಾಯಂದಿರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಗಾಂಜಾಕ್ಕೆ ಕಮರ್ಷಿಯಲ್ ಅಂದರೆ 20 ಕೆಜಿ ದಾಟಬೇಕು. ಎಂಡಿಎಂಎ ಅನ್ನುವ ಮತ್ತಿನ ಪುಡಿಗೆ, ಮಾತ್ರೆಗೆ 10 ಗ್ರಾಂ ದಾಟಿದರೆ ಸಾಕು. ಎಲ್‌ಎಸ್‌ಡಿಗೆ 0.1 ಗ್ರಾಂ. ಚರಸ್ 1 ಕೆಜಿ, ಹೆರಾಯಿನ್ 250 ಗ್ರಾಂ. ಅಂದರೆ ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಮಾಲಿಗೂ ಹತ್ತು ವರ್ಷ ಕನಿಷ್ಠ ಶಿಕ್ಷೆ ಬೀಳಬಹುದು. ಅದರಲ್ಲಿ ಬೇರೆ ಪುಡಿ ಬೆರೆಸಿದ್ದರೂ ಪೂರ್ತಿ ಮಿಶ್ರಣದ ತೂಕವನ್ನೇ ಲೆಕ್ಕ ಹಿಡಿಯಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾರದ ಕೊನೆಗೆ ಸಕಲೇಶಪುರಕ್ಕೋ ಮುಳ್ಳಯ್ಯನಗಿರಿಗೋ ಹೋಗುವ ಹುಡುಗರಿಗೆ ‘ಇದು ಗಾಂಜಾ ಅಲ್ಲ, ಒಂದು ಮಾತ್ರೆ ಅಷ್ಟೇ’ ಅಂತ ಯಾರಾದರೂ ಕೊಟ್ಟರೆ, ಅದು ಗಾಂಜಾಕ್ಕಿಂತ ಎಷ್ಟೋ ಪಟ್ಟು ಅಪಾಯದ ಕೇಸು. ಹೋಂಸ್ಟೇ ನಡೆಸುವವರಿಗೂ 25ನೇ ಕಲಮು ಇದೆ. ಗೊತ್ತಿದ್ದೂ ಜಾಗ ಕೊಟ್ಟರೆ ಆ ಅಪರಾಧಕ್ಕೆ ಎಷ್ಟು ಶಿಕ್ಷೆಯೋ ಅಷ್ಟೇ ಶಿಕ್ಷೆ ಮಾಲೀಕರಿಗೂ. ಶುಂಠಿ ಹೊಲದಲ್ಲಿ, ತೋಟದ ಮೂಲೆಯಲ್ಲಿ ಗಿಡ ಬೆಳೆಸುವುದು ಇನ್ನೂ ಬೇರೆ. ಬೇಸಾಯಕ್ಕೆ ಅಲ್ಪ ಪ್ರಮಾಣ ಅನ್ನುವ ಮೆಟ್ಟಿಲೇ ಇಲ್ಲ. ಎರಡು ಗಿಡ ಇದ್ದರೂ 10 ವರ್ಷದವರೆಗಿನ ಕಲಮು ಹಾಕಬಹುದು.

ಈಗ ಬ್ಯಾಗಿನ ಮಾತು. ಮೂವರು ಇದ್ದರು, ಹಾಗಾಗಿ ತೂಕವನ್ನು ಮೂರು ಪಾಲು ಮಾಡುತ್ತಾರೆ ಅಂತ ಯಾರಾದರೂ ಹೇಳಿದ್ದರೆ ಅದು ತಪ್ಪು. ಮೂವರೂ ಸೇರಿ ತಂದದ್ದು ಅಂತ ಸಾಬೀತಾದರೆ ಪೂರ್ತಿ ತೂಕ ಮೂವರ ತಲೆಯ ಮೇಲೂ ಬರುತ್ತದೆ. ಆದರೆ ‘ಸ್ವಾಧೀನ’ ಅಂದರೆ ಬರೀ ಅದೇ ಕಾರಿನಲ್ಲಿ ಕೂತಿದ್ದದ್ದಲ್ಲ. ಅದರಲ್ಲಿ ಏನಿದೆ ಅಂತ ಗೊತ್ತಿರಬೇಕು, ಅದರ ಮೇಲೆ ಹಿಡಿತವೂ ಇರಬೇಕು. ಕಷ್ಟ ಎಲ್ಲಿದೆ ಅಂದರೆ, ಈ ಕಾಯ್ದೆಯ 35 ಮತ್ತು 54ನೇ ಕಲಮುಗಳು ಆರೋಪಿಗೆ ಗೊತ್ತಿತ್ತು ಅಂತಲೇ ಭಾವಿಸುತ್ತವೆ. ಮೊದಲು ಪೊಲೀಸರು ಮೂಲ ಸಂಗತಿಗಳನ್ನು ಸಾಬೀತು ಮಾಡಬೇಕು. ಆಮೇಲೆ ಗೊತ್ತಿರಲಿಲ್ಲ ಅಂತ ತೋರಿಸುವ ಹೊರೆ ಹುಡುಗನ ಮೇಲೆ ಬೀಳುತ್ತದೆ. ‘ನನ್ನದಲ್ಲ’ ಅಂತ ಸುಮ್ನೆ ಹೇಳಿದರೆ ಸಾಲದು. ಬ್ಯಾಗಿನಲ್ಲಿ ಬೇರೆ ಏನಿತ್ತು? ಯಾರ ಬಟ್ಟೆ, ಯಾರ ಕಾಲೇಜು ಐಡಿ, ಯಾರ ಚಾರ್ಜರ್? ಕಾರು ಯಾರದು? ಹುಡುಗರ ಫೋನಿನಲ್ಲಿ ಆ ದಿನದ ಮೆಸೇಜು ಏನಿವೆ? ಜೇಬಿನಲ್ಲಿ 12 ಗ್ರಾಂ ಸಿಕ್ಕಿರುವುದರಿಂದ ‘ಅವನಿಗೆ ಬ್ಯಾಗಿನ ವಿಷಯ ಗೊತ್ತೇ ಇತ್ತು’ ಅಂತ ಸರ್ಕಾರಿ ವಕೀಲರು ಖಂಡಿತ ವಾದಿಸುತ್ತಾರೆ. ಅದಕ್ಕೆ ಉತ್ತರ ಈಗಲೇ ಸಿದ್ಧ ಮಾಡಿಕೊಳ್ಳಬೇಕು.

ಇದಕ್ಕೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ತಂದ ಸಾಲು ‘ಮೂವರಿಗೂ ಒಬ್ಬರೇ ವಕೀಲರು’ ಅನ್ನುವುದು. ಜಾಮೀನಿಗೆ ಅದು ಸರಿ, ಖರ್ಚೂ ಕಡಿಮೆ. ಆದರೆ ಇನ್ನು ಮುಂದೆ ನಿಮ್ಮ ಮಗನ ವಾದ ‘ಬ್ಯಾಗು ಅವನದು’ ಅನ್ನುವುದಾದರೆ, ಆ ‘ಅವನ’ ವಕೀಲರೇ ಅದನ್ನು ಹೇಗೆ ಹೇಳಲು ಸಾಧ್ಯ? ಬ್ಯಾಗಿನಿಂದ ಹೊರಗೆ ಬಂದರೆ ನಿಮ್ಮ ಮಗನದು 12 ಗ್ರಾಮಿನ ಕೇಸು. ಒಳಗೇ ಉಳಿದರೆ 1,060 ಗ್ರಾಮಿನ ಕೇಸು. ಬೇರೆ ವಕೀಲರನ್ನು ಇಟ್ಟುಕೊಳ್ಳಿ. ಗೆಳೆಯರ ಮನೆಯವರಿಗೆ ಬೇಜಾರಾಗುತ್ತದೆ ಅಂತ ಹಿಂಜರಿಯಬೇಡಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ವರಮಾನ ಕಡಿಮೆ ಇರುವವರಿಗೆ, ಜೈಲಿನಲ್ಲಿರುವ ಯಾರಿಗೇ ಆಗಲಿ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಚಾರ್ಜ್‌ಶೀಟ್ ಬಂದ ದಿನ ಅದರಲ್ಲಿ ಯಾವ ಯಾವ ಕಲಮು ಇದೆ ಅಂತ ಮೊದಲು ನೋಡಿ. 27ನೇ ಕಲಮು ಸೇವನೆಗೆ. ಗಾಂಜಾ ಸೇದಿದ್ದಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೇ 10,000ದವರೆಗೆ ದಂಡ, ಇಲ್ಲವೇ ಎರಡೂ. 29 ಅಂದರೆ ಒಳಸಂಚು. 27ಎ ಇದ್ದರೆ ಮಾತ್ರ ತಕ್ಷಣ ವಕೀಲರ ಜೊತೆ ಕೂತು ಮಾತಾಡಿ. ಅದು ಮಾದಕ ವಸ್ತುವಿನ ದಂಧೆಗೆ ಹಣ ಹಾಕುವವರಿಗೆ ಇರುವ ಕಲಮು, 10ರಿಂದ 20 ವರ್ಷ. ಹುಡುಗರು ತಮ್ಮ ಖುಷಿಗೆ ದುಡ್ಡು ಕೂಡಿಸಿ ಫೋನ್‌ಪೇ ಮಾಡಿದ್ದನ್ನು ದಂಧೆಗೆ ಹಣ ಹಾಕಿದ್ದು ಅಂತ ಬರೆದರೆ ಅದನ್ನು ಮೊದಲ ದಿನವೇ ಪ್ರಶ್ನಿಸಬೇಕು.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ. ಮೆಟ್ಟಿಲು ನಿರ್ಧಾರವಾದ ಮೇಲೆ ಜಡ್ಜ್ ಏನು ನೋಡುತ್ತಾರೆ?

ಮಧ್ಯದ ಮೆಟ್ಟಿಲಿನಲ್ಲಿ ‘10 ವರ್ಷದವರೆಗೆ’ ಅಂತ ಇದೆಯೇ ಹೊರತು ಕನಿಷ್ಠ ಇಷ್ಟು ಅಂತ ಇಲ್ಲ. ಸಜೆ ಮತ್ತು ದಂಡ ಎರಡೂ ಕೊಡಬೇಕು ನಿಜ. ಆದರೆ ಸಜೆ ಎಷ್ಟು ಅನ್ನುವುದು ಪೂರ್ತಿ ಜಡ್ಜ್ ಕೈಯಲ್ಲಿದೆ. 1,060 ಗ್ರಾಮೂ 19 ಕೆಜಿಯೂ ಒಂದೇ ಮೆಟ್ಟಿಲು, ಆದರೆ ಯಾವ ಜಡ್ಜೂ ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಹತ್ತು ವರ್ಷ ಅನ್ನುವ ಮಾತು ಕೇಳಿ ನೀವು ರಾತ್ರಿ ನಿದ್ದೆ ಬಿಟ್ಟಿರುತ್ತೀರಿ. ಅದು ಈ ಮೆಟ್ಟಿಲಿನ ತುತ್ತತುದಿ, ನಿಮ್ಮ ಮಗನ ಕೇಸು ನಿಂತಿರುವುದು ಬುಡದಲ್ಲಿ.

ತೂಕ ಬಿಟ್ಟರೆ ಮುಖ್ಯವಾದದ್ದು ಅವನ ಪಾತ್ರ. ತಂದವನಾ, ಜೊತೆಗೆ ಹೋದವನಾ, ಮಾರುವವನಾ? ಕಾನೂನಿನ ಅಳತೆ ಒಂದೇ ಅಂತ ಮೇಲೆ ಹೇಳಿದೆ. ಆದರೆ ಶಿಕ್ಷೆ ಬರೆಯುವ ಪೆನ್ನು ಇದನ್ನು ನೋಡಿಯೇ ಬರೆಯುತ್ತದೆ. ಚಿಕ್ಕ ತಕ್ಕಡಿ, ಖಾಲಿ ಜಿಪ್ ಕವರುಗಳು, ಬೇರೆ ಬೇರೆ ಹುಡುಗರಿಂದ ಐನೂರು ಸಾವಿರ ಅಂತ ಬಂದ ದುಡ್ಡು ಇವೆಲ್ಲ ಮಾರಾಟದ ಗುರುತು. ಅವು ಇಲ್ಲದಿದ್ದರೆ, ಇಲ್ಲ ಅನ್ನುವುದನ್ನು ವಕೀಲರು ಎತ್ತಿ ತೋರಿಸಬೇಕು.

ಜಾಗವೂ ಲೆಕ್ಕಕ್ಕೆ ಬರುತ್ತದೆ. 32ಬಿ ಕಲಮಿನಲ್ಲಿ ಶಿಕ್ಷೆ ಜಾಸ್ತಿ ಮಾಡಬಹುದಾದ ಸಂಗತಿಗಳನ್ನು ಬರೆದಿದ್ದಾರೆ. ಶಾಲಾ ಕಾಲೇಜಿನ ಒಳಗೆ ಅಥವಾ ಹತ್ತಿರ ನಡೆದದ್ದು, ಅಪ್ರಾಪ್ತ ಮಕ್ಕಳನ್ನು ಬಳಸಿಕೊಂಡದ್ದು, ಆಯುಧ ತೋರಿಸಿದ್ದು, ಗ್ಯಾಂಗಿನ ಸದಸ್ಯನಾಗಿರುವುದು, ಸರ್ಕಾರಿ ಹುದ್ದೆಯನ್ನು ದುರುಪಯೋಗ ಮಾಡಿದ್ದು. ಅಕ್ಷರಶಃ ಇದು ಕನಿಷ್ಠ ಶಿಕ್ಷೆ ಇರುವ ದೊಡ್ಡ ಕೇಸುಗಳಿಗೆ ಬರೆದದ್ದು. ಆದರೂ ಸಣ್ಣ ಕೇಸಿನಲ್ಲೂ ಇವು ಇದ್ದರೆ ಜಡ್ಜ್ ಮನಸ್ಸು ಗಟ್ಟಿಯಾಗುತ್ತದೆ. ಬಿ.ಎಂ. ರಸ್ತೆಯ ಕಾಲೇಜು ಗೇಟಿನಲ್ಲಿ ಸಿಕ್ಕಿಬೀಳುವುದಕ್ಕೂ ನಿಮ್ಮ ಮಗ ಸಿಕ್ಕ ಜಾಗಕ್ಕೂ ವ್ಯತ್ಯಾಸ ಇದೆ.

ಹಿಂದೆ ಕೇಸು ಇತ್ತಾ ಅನ್ನುವುದು ದೊಡ್ಡ ಸಂಗತಿ. ಒಮ್ಮೆ ಶಿಕ್ಷೆಯಾಗಿ ಮತ್ತೆ ಅದೇ ಬಗೆಯ ಕೇಸಿನಲ್ಲಿ ಶಿಕ್ಷೆಯಾದರೆ 31ನೇ ಕಲಮಿನ ಪ್ರಕಾರ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು ಆಗುತ್ತದೆ. ವಯಸ್ಸು, ಓದು, ಮನೆಯ ಸ್ಥಿತಿ, ಜಾಮೀನಿನ ಮೇಲೆ ಇರುವಾಗ ಹೇಗೆ ನಡೆದುಕೊಂಡ, ವಾಯಿದೆಗಳಿಗೆ ಸರಿಯಾಗಿ ಬಂದನಾ ಇವೂ ಬರುತ್ತವೆ. ಅವನು ಜೈಲಿನಲ್ಲಿ ಕಳೆದ 18 ದಿನ ಶಿಕ್ಷೆಯಲ್ಲಿ ಕಳೆದುಹೋಗುತ್ತದೆ. ಅಪರಾಧ ಸಾಬೀತು ಅಂತ ಹೇಳಿದ ಮೇಲೆ ಶಿಕ್ಷೆ ಎಷ್ಟು ಅನ್ನುವ ಬಗ್ಗೆ ಬೇರೆಯಾಗಿ ಮಾತಾಡಲು ಕೋರ್ಟು ಅವಕಾಶ ಕೊಡುತ್ತದೆ. ಎಷ್ಟೋ ಕೇಸಿನಲ್ಲಿ ಅವತ್ತು ‘ಬಡವರು ಸ್ವಾಮಿ, ದಯೆ ತೋರಿಸಿ’ ಅನ್ನುವ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಹಾಜರಾತಿ ಪತ್ರ, ಅಂಕಪಟ್ಟಿ, ಚಿಕಿತ್ಸೆಯ ಕಾಗದ, ಅಪ್ಪ ಅಮ್ಮನ ಆರೋಗ್ಯದ ದಾಖಲೆ ಎಲ್ಲ ಒಂದು ಫೈಲಿನಲ್ಲಿ ಸಿದ್ಧವಿರಲಿ. ಬಾಯಿಮಾತಿಗಿಂತ ಕಾಗದಕ್ಕೆ ತೂಕ ಜಾಸ್ತಿ.

‘ಒಪ್ಕೊಂಡು ದಂಡ ಕಟ್ಟಿ’ ಅನ್ನುವ ಸಲಹೆಗೆ ಬರುತ್ತೇನೆ. ನಿಮ್ಮ ಮಗನದು 12 ಗ್ರಾಮಿನ ಕೇಸು ಮಾತ್ರ ಅಂತ ಆದರೂ ಅವಸರದಲ್ಲಿ ಹಾಗೆ ಮಾಡಬೇಡಿ. ಒಪ್ಪಿಕೊಂಡರೆ ಅವತ್ತೇ ಮುಗಿಯುತ್ತದೆ ನಿಜ. ಆದರೆ ಅದು ‘ಅಪರಾಧಿ’ ಅನ್ನುವ ತೀರ್ಪು. ಕೆಲಸಕ್ಕೆ ಸೇರುವಾಗ ಪೊಲೀಸ್ ಪರಿಶೀಲನೆಯಲ್ಲಿ ಅದು ಎದುರಿಗೆ ಬರುತ್ತದೆ. 31ನೇ ಕಲಮಿಗೂ ಅಲ್ಲಿಂದಲೇ ಲೆಕ್ಕ ಶುರು. ಮೊದಲ ಸಲ ಸಿಕ್ಕಿದವರನ್ನು ಎಚ್ಚರಿಕೆ ಕೊಟ್ಟು ಬಿಡುವ ಪ್ರೊಬೇಷನ್ ಕಾನೂನು ಇದೆಯಲ್ಲ ಅಂತ ಕೆಲವರು ಹೇಳಬಹುದು. 33ನೇ ಕಲಮಿನ ಪ್ರಕಾರ 18 ವರ್ಷ ದಾಟಿದವರಿಗೆ ಸೇವನೆಯಂಥ ಕೇಸು ಬಿಟ್ಟರೆ ಅದು ಸಿಗುವುದಿಲ್ಲ. ಗಾಂಜಾ ಇಟ್ಟುಕೊಂಡ ಕೇಸಿಗೆ ಆ ಬಾಗಿಲು ಮುಚ್ಚಿದೆ.

ತೆರೆದಿರುವ ಬಾಗಿಲು ಬೇರೆ ಎರಡಿವೆ, ಅದನ್ನು ಯಾರೂ ನಿಮಗೆ ಹೇಳಿದ ಹಾಗಿಲ್ಲ. 64ಎ ಕಲಮು ಹೀಗೆ ಹೇಳುತ್ತದೆ: ಚಟಕ್ಕೆ ಬಿದ್ದವನು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವವನು, ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಕೇಸು ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. 39ನೇ ಕಲಮು ತೀರ್ಪಿನ ಹೊತ್ತಿನದು. ಅಪರಾಧ ಸಾಬೀತಾದರೂ ಜೈಲಿಗೆ ಕಳಿಸುವ ಬದಲು, ಅವನು ಒಪ್ಪಿದರೆ ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ವೈದ್ಯರ ವರದಿ ಕೊಡಬೇಕು. ವರದಿ ಚೆನ್ನಾಗಿದ್ದರೆ ಬುದ್ಧಿ ಹೇಳಿ, ಮೂರು ವರ್ಷದವರೆಗಿನ ಬಾಂಡ್ ಮೇಲೆ ಬಿಡುತ್ತಾರೆ. ಎರಡೂ ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನವರಿಗೆ ಮಾತ್ರ. ಆ 60 ಗ್ರಾಮಿಗೆ ನಾನು ಇಷ್ಟು ಒತ್ತಿ ಹೇಳಿದ್ದು ಇದಕ್ಕೇ. ಆ ಗೆರೆಯ ಈಚೆ ಚಿಕಿತ್ಸೆ, ಆಚೆ ಜೈಲು.

ಎರಡೂ ಕಲಮುಗಳಲ್ಲಿ ಇರುವ ಪದ ‘ವ್ಯಸನಿ’. ಅಂದರೆ ಅದಿಲ್ಲದೆ ಇರಲಾಗದ ಸ್ಥಿತಿಗೆ ಬಂದವನು. ತಿಂಗಳಿಗೊಮ್ಮೆ ಗೆಳೆಯರ ಜೊತೆ ಸೇದುವವನು ಅದರಲ್ಲಿ ಬರುವುದು ಕಷ್ಟ. ಅದನ್ನು ಹೇಳಬೇಕಾದವರು ವೈದ್ಯರು, ವಕೀಲರಲ್ಲ. ದಯವಿಟ್ಟು ಸುಳ್ಳು ಸರ್ಟಿಫಿಕೇಟ್ ಹುಡುಕಬೇಡಿ. ಮೊದಲು ಮಗನ ಹತ್ತಿರ ಕೂತು ಕೇಳಿ, ಬೈಯಬೇಡಿ. ಯಾವಾಗಿನಿಂದ, ದಿನಾ ಬೇಕಾಗುತ್ತಿತ್ತಾ, ಬಿಟ್ಟಾಗ ನಿದ್ದೆ ಬರುತ್ತಿತ್ತಾ, ಜೈಲಿನ 18 ದಿನ ಹೇಗಿತ್ತು ಅಂತ. ಹುಡುಗರು ಇದನ್ನು ಅಪ್ಪನಿಗಿಂತ ಅಮ್ಮನ ಹತ್ತಿರ ಬೇಗ ಹೇಳುತ್ತಾರೆ. ಚಟ ಇದೆ ಅನ್ನಿಸಿದರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ಕೇಂದ್ರ ಇದೆ. 14446 ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಪ್ರತಿ ಸಲ ಹೋದಾಗಲೂ ಚೀಟಿ, ಬಿಲ್ಲು ಜೋಪಾನ ಮಾಡಿ. ಕೇಸಿನಲ್ಲಿ ಬ್ಯಾಗಿನ ಮಾತು ಏನೇ ಆಗಲಿ, ಶಿಕ್ಷೆಯ ದಿನ ಈ ಕಾಗದಗಳು ಕೆಲಸಕ್ಕೆ ಬರುತ್ತವೆ. ಕೇಸು ಇಲ್ಲದಿದ್ದರೂ ಹುಡುಗನಿಗೆ ಬೇಕಾದ ಚಿಕಿತ್ಸೆ ಅದು.

ಕಾಲೇಜು ಬಿಡಿಸಬೇಡಿ. ಕೇಸು ಬಾಕಿ ಇದೆ ಅಂದಮಾತ್ರಕ್ಕೆ ಪರೀಕ್ಷೆ ಬರೆಯಬಾರದು ಅಂತ ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪರೀಕ್ಷೆಯ ದಿನವೇ ವಾಯಿದೆ ಬಿದ್ದರೆ ವಕೀಲರ ಮೂಲಕ ಗೈರುಹಾಜರಿಗೆ ಅನುಮತಿ ಕೇಳಿ ಮುಂಚೆಯೇ ಅರ್ಜಿ ಹಾಕಿಸಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ವಾರಂಟ್ ಬರುತ್ತದೆ. ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ, ಕೇಸು ಇರುವವರೆಗೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕಾಗುತ್ತದೆ.

ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಒಂದೇ. ಎಫ್‌ಐಆರ್, ಮಹಜರು, ಮ್ಯಾಜಿಸ್ಟ್ರೇಟ್ ಮುಂದೆ ಮಾಡಿದ ಪಟ್ಟಿ ಇವುಗಳ ಪ್ರತಿಗೆ ವಕೀಲರಿಂದ ಅರ್ಜಿ ಹಾಕಿಸಿ. ಕೈಗೆ ಬಂದ ಮೇಲೆ ‘ಕವರ್ ಸಮೇತ’ ಅನ್ನುವ ಪದದ ಕೆಳಗೆ ಗೆರೆ ಎಳೆದು ಹೊಸ ವಕೀಲರ ಮುಂದೆ ಇಡಿ.